ಗುದ್ದಿದ ಗಾಡಿಗೆ ಇನ್ಶೂರೆನ್ಸೇ ಇಲ್ಲ ಅಂದ್ರೆ ಏನ್ ಮಾಡೋದು

ಎರಡು ವರ್ಷದ ಹಿಂದೆ ಕಾರ್ತಿಕ ಮಾಸದಲ್ಲಿ ಅರಸೀಕೆರೆ ಕಡೆ ಒಂದು ಗೃಹಪ್ರವೇಶ ಮುಗಿಸ್ಕೊಂಡು ತುಮಕೂರಿಗೆ ವಾಪಸ್ ಬರ್ತಿದ್ವಿ, ಗಾಡಿ ನಾನೇ ಓಡಿಸ್ತಿದ್ದೆ, ಪಕ್ಕದಲ್ಲಿ ಚಿಕ್ಕಪ್ಪ, ಹಿಂದೆ ಚಿಕ್ಕಮ್ಮ ಮತ್ತೆ ನನ್ನ ಹೆಂಡ್ತಿ. ತೋಟದ ದಾರಿಯಿಂದ ತೆಂಗಿನಕಾಯಿ ತುಂಬ್ಕೊಂಡಿದ್ದ ಒಂದು ಪಿಕಪ್ ಹಿಂದೆ ಮುಂದೆ ನೋಡದೇ ಮೇನ್ ರೋಡಿಗೆ ನುಗ್ತು, ನಾನು ಬ್ರೇಕ್ ಹೊಡೆಯೋಷ್ಟರಲ್ಲಿ ಎಡಗಡೆ ಬಾಗಿಲು ಒಳಗೆ ಬಂದಿತ್ತು, ಚಿಕ್ಕಪ್ಪನ ಮುಂಗೈ ಮುರೀತು. ಡ್ರೈವರ್ ಇಪ್ಪತ್ತೆರಡು ಇಪ್ಪತ್ಮೂರರ ಹುಡ್ಗ, ಇಳಿದವನೇ ಕೈ ಮುಗಿದು ಮೊದಲು ಹೇಳಿದ್ದೇ "ಅಣ್ಣಾ, ಇನ್ಶೂರೆನ್ಸ್ ಮುಗ್ದೋಗಿದೆ ಅಣ್ಣಾ, ಪೊಲೀಸ್ ಗಿಲೀಸ್ ಬೇಡ, ನಮ್ಮ ಓನರ್ ಹತ್ರ ಮಾತಾಡ್ಸ್ತೀನಿ" ಅಂತ.

ನಂಗೆ ಅವತ್ತು ಒಂದೂ ಗೊತ್ತಿರ್ಲಿಲ್ಲ. ಆಮೇಲೆ ಸ್ಟೇಷನ್ನು, ಲಾಯರ್ ಆಫೀಸು, ಕೋರ್ಟು ಅಂತ ಓಡಾಡಿ ಗೊತ್ತಾಗಿದ್ದನ್ನ ಇಲ್ಲಿ ಬರೀತಿದೀನಿ. ನಮ್ಮ ರಸ್ತೆ ಮೇಲೆ ಓಡೋ ಗಾಡಿಗಳಲ್ಲಿ ಅರ್ಧದಷ್ಟಕ್ಕೆ ಇನ್ಶೂರೆನ್ಸ್ ಇರಲ್ಲ, ಅದರಲ್ಲೂ ಹಳೇ ಬೈಕು, ಟ್ರಾಕ್ಟರ್ ಟ್ರೇಲರ್, ಊರೊಳಗೇ ಓಡೋ ಗೂಡ್ಸ್ ಗಾಡಿಗಳು, ಹಾಗಾಗಿ ಇದು ಯಾರಿಗೆ ಬೇಕಾದ್ರೂ ಆಗಬಹುದು. ಮೊದಲೇ ಒಂದು ಮಾತು, ಇಂಥ ಕೇಸಲ್ಲಿ ಕಾನೂನು ಪೂರ್ತಿ ನಿಮ್ಮ ಕಡೆನೇ ಇರತ್ತೆ, ದುಡ್ಡು ಮಾತ್ರ ಎಲ್ಲೂ ಇರಲ್ಲ. ಇನ್ಶೂರೆನ್ಸ್ ಕಂಪನಿ ಇದ್ದಿದ್ರೆ ಅವರು ಕಟ್ಟೋರು, ಇಲ್ಲಿ ಕಟ್ಟಬೇಕಾದವನು ಪ್ರೀಮಿಯಮ್ಮೇ ಕಟ್ಟದೇ ಇದ್ದ ಓನರ್. ಆದ್ರೆ ಅವನದ್ದು ಅಂತ ನಿಮ್ಮ ಕಣ್ಮುಂದೆ ಒಂದು ಆಸ್ತಿ ನಿಂತಿರತ್ತಲ್ಲ, ಆ ಗುದ್ದಿದ ಗಾಡಿ, ಅದನ್ನ ಕೈಬಿಡಬಾರದು.

ಮೊದಲ ಒಂದು ಗಂಟೆ

ಪೆಟ್ಟಾಗಿದ್ರೆ ಮಾತುಕತೆ ಎಲ್ಲ ಆಮೇಲೆ, 108ಕ್ಕೆ ಆಂಬುಲೆನ್ಸು, 112ಕ್ಕೆ ಪೊಲೀಸು, ನ್ಯಾಷನಲ್ ಹೈವೇ ಆಗಿದ್ರೆ 1033 ಕೂಡ ಇದೆ. ಆಸ್ಪತ್ರೇಲಿ "ಆಕ್ಸಿಡೆಂಟ್" ಅಂತಲೇ ಹೇಳಿ ಎಂಎಲ್‌ಸಿ, ಅಂದ್ರೆ ಪೊಲೀಸ್ ಕೇಸಿಗೆ ಬೇಕಾಗೋ ಮೆಡಿಕೋ ಲೀಗಲ್ ದಾಖಲೆ ಮಾಡಿಸಿ. ಎಷ್ಟೋ ಜನ ಯಾಕೆ ರಗಳೆ ಅಂತ "ಬಾತ್‌ರೂಮಲ್ಲಿ ಜಾರಿ ಬಿದ್ದೆ" ಅಂತ ಬರೆಸಿಬಿಡ್ತಾರೆ, ಆಮೇಲೆ ಆರು ತಿಂಗಳಾದ ಮೇಲೆ ಕೇಸ್ ಹಾಕೋಕೆ ಹೋದ್ರೆ ಆ ಒಂದು ಸಾಲೇ ನಿಮ್ಮ ಕುತ್ತಿಗೆಗೆ ಬರತ್ತೆ. ಎಫ್‌ಐಆರ್ ಆಗೋವರೆಗೆ ಟ್ರೀಟ್‌ಮೆಂಟ್ ಕೊಡಲ್ಲ ಅಂತ ಆಸ್ಪತ್ರೆಯವರು ಹೇಳೋ ಹಾಗಿಲ್ಲ.

ಇನ್ನೊಂದು, ಇದು ಜನಕ್ಕೆ ಇನ್ನೂ ಸರಿಯಾಗಿ ಮುಟ್ಟಿಲ್ಲ. 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರದ ಕ್ಯಾಶ್‌ಲೆಸ್ ಸ್ಕೀಮ್ ಇದೆ, ಮೋಟಾರ್ ಗಾಡಿಯಿಂದ ಯಾವುದೇ ರಸ್ತೇಲಿ ಆಕ್ಸಿಡೆಂಟ್ ಆದ್ರೂ ಗಾಯಾಳುಗೆ ಆಕ್ಸಿಡೆಂಟ್ ಆದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ರೂ ಸಿಗತ್ತೆ. ಸ್ಕೀಮಲ್ಲಿರೋ ಆಸ್ಪತ್ರೆ ಆಗಿರಬೇಕು, ಬೇರೆ ಆಸ್ಪತ್ರೆ ಆದ್ರೆ ಜೀವಕ್ಕೆ ಅಪಾಯ ಇಲ್ಲದ ಹಾಗೆ ಮಾಡೋವರೆಗಷ್ಟೇ, ಮತ್ತೆ ಇದು ಆಕ್ಸಿಡೆಂಟೇ ಅಂತ ಪೊಲೀಸರು ಕನ್ಫರ್ಮ್ ಮಾಡಬೇಕು, ಅದಕ್ಕೇ 112ಕ್ಕೆ ಫೋನ್ ಮಾಡಿದ ರೆಕಾರ್ಡ್ ಇರೋದು ಒಳ್ಳೇದು. ಕೌಂಟರಲ್ಲಿ ಅವರಾಗೇ ಹೇಳ್ತಾರೆ ಅಂತ ಕಾಯಬೇಡಿ, ನೀವೇ ಕೇಳಿ.

ಸ್ಪಾಟಲ್ಲಿ ಗಾಡಿಗಳನ್ನ ಸರಿಸೋಕ್ ಮುಂಚೆ ಫೋಟೋ, ವಿಡಿಯೋ. ಎರಡೂ ನಂಬರ್ ಪ್ಲೇಟ್ ಕಾಣೋ ಹಾಗೆ ಒಂದು, ರಸ್ತೆ ತಿರುವು ಕಾಣೋ ಹಾಗೆ ದೂರದಿಂದ ಒಂದು, ಬ್ರೇಕ್ ಮಾರ್ಕು, ಬಿದ್ದ ಗಾಜು, ಆ ಡ್ರೈವರ್ ಮುಖ, ಅವನ ಡಿಎಲ್. ಪಕ್ಕದಲ್ಲಿ ಟೀ ಅಂಗಡಿ, ಪೆಟ್ರೋಲ್ ಬಂಕ್ ಇದ್ರೆ ಸಿಸಿ ಕ್ಯಾಮರಾ ಇದ್ಯಾ ನೋಡಿ, ಫುಟೇಜ್ ಕೆಲವೇ ದಿನದಲ್ಲಿ ಅಳಿಸಿ ಹೋಗತ್ತೆ, ಅವತ್ತೇ ಹೋಗಿ ಕೇಳಿದ್ರೆ ಪುಣ್ಯಾತ್ಮರು ಕೊಡ್ತಾರೆ. ನೋಡಿದೋರ ಪೈಕಿ ಒಬ್ಬರ ಫೋನ್ ನಂಬರಾದ್ರೂ ಇಸ್ಕೊಳ್ಳಿ. ಆ ಡ್ರೈವರ್ "ಇನ್ಶೂರೆನ್ಸ್ ಇಲ್ಲ" ಅಂತ ಹೇಳೋದು ವಿಡಿಯೋದಲ್ಲಿ ಬಂದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಸಾಯಂಕಾಲದ ಹೊತ್ತಿಗೆ ಅವನ ಕಥೆ ಬದಲಾಗಿರತ್ತೆ.

ಅವನ ಕೀ ಕಿತ್ಕೊಳ್ಳೋದು, ಡಿಎಲ್ ಇಸ್ಕೊಂಡು ಮನೆಗೆ ತಗೊಂಡ್ ಹೋಗೋದು, ನಾಲ್ಕು ಜನ ಸೇರಿಸಿ ಎರಡು ಬಿಡೋದು, ಇದ್ಯಾವ್ದೂ ಬೇಡ. ನಮ್ಮ ಭಾಮೈದ ಒಬ್ಬ ಹಿಂಗೇ ಕೀ ಕಿತ್ಕೊಂಡು ಆಮೇಲೆ ಅವನ ಮೇಲೇ ಕೌಂಟರ್ ಕಂಪ್ಲೇಂಟ್ ಆಗಿ ಕೊನೆಗೆ ಎರಡೂ ಕಡೆ ರಾಜಿ ಅಂತ ಬರ್ಕೊಟ್ಟು ಬರಿಗೈಲಿ ಬಂದ.

ನಿಜವಾಗ್ಲೂ ಇನ್ಶೂರೆನ್ಸ್ ಇಲ್ವಾ?

ಅವನು ಇಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಇದೆ ಅಂದ ಮಾತ್ರಕ್ಕೆ ಇದೆ ಅಂತಾನೂ ಅಲ್ಲ. ಎಂ-ಪರಿವಾಹನ್ ಆಪಲ್ಲಿ ಗಾಡಿ ನಂಬರ್ ಹಾಕಿದ್ರೆ ಇನ್ಶೂರೆನ್ಸ್ ಯಾವತ್ತಿನವರೆಗೆ ಇದೆ ಅಂತ ಬರತ್ತೆ, ಅಲ್ಲೇ ಸ್ಕ್ರೀನ್‌ಶಾಟ್ ತಗೊಳ್ಳಿ.

ಇಲ್ಲಿ ಒಂದು ಸೂಕ್ಷ್ಮ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ, ಅಂದ್ರೆ ಆ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ ಕಟ್ಟೋ ಇನ್ಶೂರೆನ್ಸ್, ಒಟ್ಟಿಗೇ ತಗೋಬೇಕು ಅಂತ ಆಗಿದೆ. ಜನಕ್ಕೆ ಒಂದು ವರ್ಷ ಆದ್ಮೇಲೆ ರಿನ್ಯೂ ಮಾಡು ಅಂತ ಮೆಸೇಜ್ ಬರತ್ತೆ, ಮಾಡಲ್ಲ, ಇನ್ಶೂರೆನ್ಸ್ ಮುಗೀತು ಅಂದ್ಕೊಂಡಿರ್ತಾರೆ, ನಿಜದಲ್ಲಿ ಮುಗಿದಿರೋದು ಅವರ ಗಾಡಿಯ ಸ್ವಂತ ಡ್ಯಾಮೇಜ್ ಕವರ್ ಮಾತ್ರ. ನಿಮಗೆ ಬೇಕಾಗಿರೋ ಥರ್ಡ್ ಪಾರ್ಟಿ ಇನ್ನೂ ಜೀವಂತ ಇರಬಹುದು. ನಾಲ್ಕು ವರ್ಷದ ಸ್ಕೂಟರ್ ಗುದ್ದಿ ಅವನು "ಇನ್ಶೂರೆನ್ಸ್ ಇಲ್ಲ ಸಾರ್" ಅಂದ್ರೆ ನಂಬಬೇಡಿ, ಚೆಕ್ ಮಾಡಿ.

ಇದೇ ಥರ, ಡ್ರೈವರ್‌ಗೆ ಡಿಎಲ್ ಇಲ್ಲ ಅಂದ್ರೆ ಅದು ಬೇರೆ ವಿಷಯ, ಅಲ್ಲಿ ಪಾಲಿಸಿ ಇದ್ರೆ ಸಾಮಾನ್ಯವಾಗಿ ಕಂಪನಿಯವರೇ ನಿಮಗೆ ಮೊದಲು ದುಡ್ಡು ಕೊಟ್ಟು ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳ್ಳಿ ಅಂತ ಕೋರ್ಟ್ ಹೇಳತ್ತೆ. ಪ್ರೀಮಿಯಂ ಚೆಕ್ ಬೌನ್ಸ್ ಆಗಿದ್ರೂ, ಕಂಪನಿಯವರು ಪಾಲಿಸಿ ಕ್ಯಾನ್ಸಲ್ ಅಂತ ಆಕ್ಸಿಡೆಂಟಿಗೆ ಮುಂಚೆನೇ ತಿಳಿಸಿರದಿದ್ರೆ ಅವರು ತಪ್ಪಿಸ್ಕೊಳ್ಳೋಕಾಗಲ್ಲ. ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಬಸ್ಸಿನ ಲೆಕ್ಕ ಬೇರೆ, ಸರ್ಕಾರಿ ಸಾರಿಗೆ ಸಂಸ್ಥೆಗಳಿಗೆ ತಮ್ಮದೇ ಫಂಡ್ ಇಟ್ಕೊಂಡು ವಿನಾಯ್ತಿ ಪಡೆಯೋ ಅವಕಾಶ ಕಾನೂನಲ್ಲೇ ಇದೆ, ಅಲ್ಲಿ ನಿಗಮದ ಮೇಲೇ ಕೇಸ್ ಹಾಕೋದು.

ಇನ್ನು ಉಲ್ಟಾ ಆಟ. ಆಕ್ಸಿಡೆಂಟ್ ಆಗಿ ಎರಡು ಗಂಟೆಗೆ ಮೊಬೈಲಲ್ಲೇ ಪಾಲಿಸಿ ಮಾಡಿಸ್ಕೊಂಡು ಸ್ಟೇಷನ್‌ಗೆ ಬಂದು ಅವತ್ತಿನ ತಾರೀಕಿಂದು ತೋರಿಸ್ತಾರೆ. ಪಾಲಿಸಿ ಮೇಲೆ ಎಷ್ಟು ಗಂಟೆಯಿಂದ ಶುರು ಅಂತ ಟೈಮ್ ಪ್ರಿಂಟ್ ಆಗಿರತ್ತೆ, ಕೋರ್ಟು ಆ ಟೈಮನ್ನೇ ನೋಡೋದು. ಅದಕ್ಕೇ ನಿಮ್ಮ ಕಂಪ್ಲೇಂಟಲ್ಲಿ ಆಕ್ಸಿಡೆಂಟ್ ಆದ ಗಂಟೆ ಸರಿಯಾಗಿ ಬರೀಬೇಕು, "ಮಧ್ಯಾಹ್ನದ ಸುಮಾರಿಗೆ" ಅಂತ ತೇಲಿಸಬಾರದು.

ಸ್ಪಾಟಲ್ಲೇ ಸೆಟ್ಲ್ ಮಾಡ್ಕೋಬಹುದಾ

ಯಾರಿಗೂ ಏಟಿಲ್ಲ, ಬಂಪರ್ ಹೋಗಿದೆ, ಲೈಟ್ ಒಡೆದಿದೆ, ಹತ್ತು ಹನ್ನೆರಡು ಸಾವಿರದ ಮಾತು ಅಂದ್ರೆ, ನನ್ನ ಕೇಳಿದ್ರೆ ಮಾಡ್ಕೊಳ್ಳಿ. ಅಷ್ಟಕ್ಕೆ ಕೋರ್ಟಿಗೆ ಅಲೆಯೋದ್ರಲ್ಲಿ ಅರ್ಥ ಇಲ್ಲ. ಆದ್ರೆ "ನಾಳೆ ಕೊಡ್ತೀನಿ ಅಣ್ಣಾ" ಅನ್ನೋದನ್ನ ನಂಬಬೇಡಿ, ಗ್ಯಾರೇಜಿಗೆ ಫೋಟೋ ಕಳ್ಸಿ ಅಂದಾಜು ಕೇಳಿ, ಸ್ಪಾಟಲ್ಲೇ ಫೋನ್‌ಪೇನೋ ಗೂಗಲ್‌ಪೇನೋ ಹಾಕಿಸ್ಕೊಳ್ಳಿ, ಮೆಸೇಜ್ ಜಾಗದಲ್ಲಿ ಗಾಡಿ ನಂಬರ್ ಹಾಕಕ್ಕೆ ಹೇಳಿ. ಬಾಕಿ ಉಳಿದ್ರೆ ಒಂದು ಬಿಳಿ ಹಾಳೇಲಿ ಯಾವ ಗಾಡಿ, ಎಲ್ಲಿ, ಎಷ್ಟು ಗಂಟೆ, ತಪ್ಪು ನನ್ನದೇ, ಇಷ್ಟು ದುಡ್ಡು ಇಂಥ ದಿನದೊಳಗೆ ಕೊಡ್ತೀನಿ ಅಂತ ಅವನ ಕೈಲೇ ಬರೆಸಿ ಸೈನ್ ಹಾಕಿಸಿ.

ಒಂದು ಎಚ್ಚರಿಕೆ ಮಾತ್ರ ಇದೆ. ನಿಮ್ಮ ಸ್ವಂತ ಇನ್ಶೂರೆನ್ಸಲ್ಲಿ ಕ್ಲೇಮ್ ಮಾಡೋ ಯೋಚನೆ ಇದ್ರೆ "ನನಗೆ ಇವರಿಂದ ಇನ್ನೇನೂ ಬರಬೇಕಾಗಿಲ್ಲ" ಅಂತ ಎಲ್ಲೂ ಸೈನ್ ಹಾಕಬೇಡಿ. ನಿಮಗೆ ದುಡ್ಡು ಕೊಟ್ಟ ಕಂಪನಿಗೆ ಗುದ್ದಿದವನಿಂದ ವಸೂಲಿ ಮಾಡೋ ಹಕ್ಕು ಬರತ್ತೆ, ನೀವು ಅದನ್ನ ಮುಂಚೆನೇ ಬಿಟ್ಕೊಟ್ರೆ ಅವರು ನಿಮ್ಮ ಕ್ಲೇಮಿಗೇ ತಕರಾರು ತೆಗೀಬಹುದು.

ಯಾರಿಗಾದ್ರೂ ಪೆಟ್ಟಾಗಿದ್ರೆ ಸ್ಪಾಟ್ ಸೆಟ್ಲ್‌ಮೆಂಟ್ ಅನ್ನೋ ಮಾತೇ ಬೇಡ. ಅವತ್ತು ಬರೀ ತಲೆನೋವು ಅಂದಿದ್ದು ಮಾರನೇ ದಿನ ಸ್ಕ್ಯಾನಲ್ಲಿ ಬೇರೆ ಏನೋ ಬರತ್ತೆ. ನಮ್ಮ ಚಿಕ್ಕಪ್ಪನೂ "ಬಿಡೋ, ಉಳುಕಿರಬೇಕು, ಪಾಪ ಹುಡ್ಗ" ಅಂತಲೇ ಅಂದ್ರು, ಎಕ್ಸ್‌ರೇ ನೋಡಿದ್ರೆ ಎರಡು ಕಡೆ ಮುರಿದಿತ್ತು, ಪ್ಲೇಟ್ ಹಾಕಬೇಕಾಯ್ತು.

ಸ್ಟೇಷನ್ನು, ಮತ್ತೆ ಆ ಗಾಡಿ

ಬೆಂಗಳೂರಲ್ಲಾದ್ರೆ ಆಕ್ಸಿಡೆಂಟ್ ಕೇಸನ್ನ ಟ್ರಾಫಿಕ್ ಸ್ಟೇಷನ್‌ನವರು ತಗೋತಾರೆ, ಹಳ್ಳಿ ಕಡೆ ಆ ಜಾಗ ಯಾವ ಠಾಣೆಗೆ ಬರತ್ತೋ ಅಲ್ಲಿ. ನಮ್ಮದಲ್ಲ ಅಂತ ಕಳ್ಸಿದ್ರೆ ಝೀರೋ ಎಫ್‌ಐಆರ್ ಮಾಡಿ, ಅಂದ್ರೆ ಇಲ್ಲೇ ಬರ್ಕೊಂಡು ಆಮೇಲೆ ಸರಿಯಾದ ಠಾಣೆಗೆ ಕಳ್ಸಿ ಅಂತ ಕೇಳಬಹುದು, 2024ರ ಜುಲೈನಿಂದ ಬಂದ ಹೊಸ ಕಾನೂನಲ್ಲಿ ಅದು ಸ್ಪಷ್ಟವಾಗೇ ಇದೆ. ಗುದ್ದಿದ ಡ್ರೈವರ್ ಕೂಡ 24 ಗಂಟೆ ಒಳಗೆ ಪೊಲೀಸರಿಗೆ ತಿಳಿಸಬೇಕು ಅಂತ ಮೋಟಾರ್ ವಾಹನ ಕಾಯ್ದೆ ಹೇಳತ್ತೆ, ಯಾರೂ ತಿಳಿಸಲ್ಲ ಬಿಡಿ.

ಕಂಪ್ಲೇಂಟ್ ನೀವೇ ಕನ್ನಡದಲ್ಲಿ ಬರೀರಿ. "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು" ಅನ್ನೋ ಸಾಲು ಎಲ್ಲಾ ಎಫ್‌ಐಆರಲ್ಲೂ ಇರತ್ತೆ, ಅದು ಸುಮ್ನೆ ಬಂದಿದ್ದಲ್ಲ, ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 281ನೇ ಸೆಕ್ಷನ್ ಹಾಕೋಕೆ ಅದೇ ಆಧಾರ, ಪೆಟ್ಟಾಗಿದ್ರೆ 125, ಜೀವ ಹೋಗಿದ್ರೆ 106 ಸೇರತ್ತೆ. ಜೊತೆಗೆ "ಸದರಿ ವಾಹನಕ್ಕೆ ವಿಮೆ ಇಲ್ಲವೆಂದು ಚಾಲಕನೇ ತಿಳಿಸಿರುತ್ತಾನೆ" ಅಂತ ಒಂದು ಸಾಲು, ಮೋಟಾರ್ ವಾಹನ ಕಾಯ್ದೆಯ 196 ಹಾಕಿ ಅಂತ ಇನ್ನೊಂದು. 196ರಲ್ಲಿ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಇಲ್ಲಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ರೆ ದಂಡ 4,000. ಆ ದಂಡ ನಿಮಗೇನೂ ಬರಲ್ಲ, ಆದ್ರೆ ಕೇಸಿನ ಫೈಲಲ್ಲಿ 196 ಬಿದ್ದಿದ್ರೆ ಇನ್ಶೂರೆನ್ಸ್ ಇರ್ಲಿಲ್ಲ ಅನ್ನೋದು ದಾಖಲೆ ಆಯ್ತು, ಮುಂದೆ ಗಾಡಿ ಬಿಡಿಸೋ ಟೈಮಲ್ಲಿ ಅದೇ ಕೆಲಸಕ್ಕೆ ಬರೋದು. ಬರೀ ಗಾಡಿ ಡ್ಯಾಮೇಜ್ ಆದಾಗ ಎಷ್ಟೋ ಕಡೆ ಎಫ್‌ಐಆರ್ ಬೇಡ ಅಂತಾರೆ, ಆಗ ಕೊನೆಪಕ್ಷ ಅರ್ಜಿಗೆ ಹಿಂಬರಹ ಇಲ್ಲಾ ಸೀಲ್ ಹಾಕಿದ ಸ್ವೀಕೃತಿ ಇಸ್ಕೊಂಡು ಬನ್ನಿ.

ಈಗ ಮುಖ್ಯ ವಿಷಯ. ಇನ್ಶೂರೆನ್ಸ್ ಇಲ್ಲದ ಗಾಡಿ ಆಕ್ಸಿಡೆಂಟ್ ಮಾಡಿ ಯಾರಿಗಾದ್ರೂ ಏಟಾದ್ರೆ, ಸತ್ರೆ, ಆಸ್ತಿ ಹಾಳಾದ್ರೂ ಕೂಡ, ಅದರ ಓನರ್ ಮುಂದೆ ಬರಬಹುದಾದ ಪರಿಹಾರಕ್ಕೆ ಸಾಕಾಗೋ ಅಷ್ಟು ಸೆಕ್ಯೂರಿಟಿ (ಜಾಮೀನಿನ ಭದ್ರತೆ) ಕೊಡೋವರೆಗೆ ಕೋರ್ಟು ಆ ಗಾಡಿನ ಬಿಡೋ ಹಾಗಿಲ್ಲ. ಕೊಡದಿದ್ರೆ ಗಾಡಿ ವಶಕ್ಕೆ ತಗೊಂಡ 3 ತಿಂಗಳಾದ್ಮೇಲೆ ಮ್ಯಾಜಿಸ್ಟ್ರೇಟ್ ಹರಾಜ್ ಹಾಕಿಸಿ, ಬಂದ ದುಡ್ಡನ್ನ 15 ದಿನದಲ್ಲಿ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಅಂದ್ರೆ ಆಕ್ಸಿಡೆಂಟ್ ಪರಿಹಾರದ ಕೇಸ್ ನಡೆಸೋ ಕೋರ್ಟಿಗೆ ಕಟ್ಟಬೇಕು. ದೆಹಲೀಲಿ ಮೊದಲಿದ್ದ ಈ ರೂಲನ್ನ ಎಲ್ಲಾ ರಾಜ್ಯಗಳೂ ಮಾಡ್ಕೊಳ್ಳಿ ಅಂತ 2018ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಕರ್ನಾಟಕದ ಮೋಟಾರ್ ವಾಹನ ನಿಯಮದಲ್ಲೂ ಇದು ಸೇರಿದೆ.

ಕಾಗದದ ಮೇಲೆ ಇಷ್ಟು ಗಟ್ಟಿಯಾಗಿದ್ರೂ ನಡೆಯೋದು ಹೆಂಗೆ ಅಂದ್ರೆ, ಓನರ್ ಕಡೆ ಲಾಯರ್ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ ಹಾಕ್ತಾರೆ, "ಗಾಡಿ ಸ್ಟೇಷನ್ ಮುಂದೆ ಬಿಸಿಲು ಮಳೇಲಿ ಹಾಳಾಗ್ತಿದೆ, ದುಡಿಮೆಗೆ ಅದೇ ಆಧಾರ" ಅಂತ, ವಿರೋಧ ಮಾಡೋರು ಯಾರೂ ಇರಲ್ಲ, ಬರೀ ಬಾಂಡ್ ಮೇಲೆ ಗಾಡಿ ಹೊರಗೆ ಹೋಗಿಬಿಡತ್ತೆ. ಒಂದು ಸಲ ಹೋಯ್ತು ಅಂದ್ರೆ ಮುಗೀತು, ಗುಜರಿಗೂ ಹೋಗಬಹುದು. ಹಾಗಾಗಿ ಎಫ್‌ಐಆರ್ ಆದ ವಾರದೊಳಗೇ ಒಬ್ಬ ಲಾಯರ್ ಹಿಡಿದು, ಇಲ್ಲಾ ಸರ್ಕಾರಿ ವಕೀಲರು ಎಪಿಪಿ ಇರ್ತಾರಲ್ಲ ಅವರ ಮೂಲಕನಾದ್ರೂ, ಆ ಕೋರ್ಟಲ್ಲಿ "ವಿಮೆ ಇಲ್ಲ, ಗಾಯಾಳು ಇದ್ದಾರೆ, ಇಷ್ಟು ಖರ್ಚಾಗಿದೆ, ಸೆಕ್ಯೂರಿಟಿ ಇಲ್ಲದೇ ಬಿಡಬಾರದು" ಅಂತ ಆಸ್ಪತ್ರೆ ಬಿಲ್ ಸಮೇತ ತಕರಾರು ಹಾಕಿಸಿ. ನಮ್ಮ ಕೇಸಲ್ಲಿ ಆ ಪಿಕಪ್ಪಿನ ಓನರ್ ಒಂದೂವರೆ ತಿಂಗಳು ನಮ್ಮ ಫೋನೇ ಎತ್ತಿರ್ಲಿಲ್ಲ, ತಕರಾರು ಹಾಕಿ ಕೋರ್ಟು ಸೆಕ್ಯೂರಿಟಿ ಕೇಳಿದ ಮಾರನೇ ವಾರ ಅವರೇ ನಮ್ಮ ಮನೆ ವಿಳಾಸ ಹುಡುಕ್ಕೊಂಡು ಬಂದ್ರು. ಮಾತು ಶುರುವಾಗಿದ್ದೇ ಅವತ್ತಿಂದ.

ಇನ್ನೊಂದು ಮಾತು ಹೇಳ್ಲೇಬೇಕು. ಆಸ್ಪತ್ರೆ ಗೇಟ್ ಹತ್ರ ಒಬ್ಬ ಸಿಕ್ಕಿದ್ದ, ಯಾರು ಕರೆದ್ರೋ ಗೊತ್ತಿಲ್ಲ, ತುಂಬಾ ಪ್ರೀತಿಯಿಂದ ಮಾತಾಡ್ಸಿ, "ಸಾರ್, ಆ ಗಾಡಿಗೆ ಇನ್ಶೂರೆನ್ಸ್ ಇಲ್ಲ, ನಿಮಗೆ ಒಂದ್ರೂಪಾಯಿ ಬರಲ್ಲ, ಇನ್ಶೂರೆನ್ಸ್ ಇರೋ ಬೇರೆ ಗಾಡಿ ನಾನು ಕೊಡಿಸ್ತೀನಿ, ಅದೇ ಗುದ್ದಿದ್ದು ಅಂತ ಕೊಡಿ ಸಾಕು, ಮೂವತ್ತು ಪರ್ಸೆಂಟ್ ನಂದು" ಅಂದ. ದಯವಿಟ್ಟು ಇದಕ್ಕೆ ಕೈ ಹಾಕಬೇಡಿ. ಇನ್ಶೂರೆನ್ಸ್ ಕಂಪನಿಯವರಿಗೆ ಈ ಗಾಡಿ ಬದಲಾಯಿಸೋ ಆಟ ಚೆನ್ನಾಗಿ ಗೊತ್ತು, ಎಂಎಲ್‌ಸಿ ರಿಜಿಸ್ಟರಲ್ಲಿ ಮೊದಲ ದಿನ ಏನು ಬರೆದಿದೆ, ಇನ್ಸ್‌ಪೆಕ್ಟರ್ ಆಫ್ ಮೋಟಾರ್ ವೆಹಿಕಲ್ಸ್ ರಿಪೋರ್ಟಲ್ಲಿ ಗಾಡಿ ಮೇಲೆ ಏಟು ಎಲ್ಲಿದೆ ಅಂತ ತಾಳೆ ನೋಡ್ತಾರೆ, ಸಿಕ್ಕಿಬಿದ್ರೆ ನಿಜವಾಗ್ಲೂ ಏಟು ತಿಂದ ನೀವೇ ವಂಚನೆ ಕೇಸಲ್ಲಿ ಆರೋಪಿ. ಅಂದಹಾಗೆ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಲಾಯರ್ ಫೀಸ್ ಮಾತಾಡೋದೂ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ.

ನಿಮ್ಮ ಸ್ವಂತ ಪಾಲಿಸಿ ತೆಗೆದು ಓದಿ

ಅಮೆರಿಕದಲ್ಲಿರೋ ನಮ್ಮವರು ತಮ್ಮ ಪಾಲಿಸಿಲೇ ಅನ್‌ಇನ್ಶೂರ್ಡ್ ಮೋಟರಿಸ್ಟ್ ಅಂತ ಒಂದು ಕವರ್ ತಗೊಂಡಿರ್ತಾರೆ, ಇನ್ಶೂರೆನ್ಸ್ ಇಲ್ಲದವನು ಗುದ್ದಿದ್ರೆ ಅದು ಕೊಡತ್ತೆ. ನಮ್ಮಲ್ಲಿ ಕಾರ್ ಪಾಲಿಸಿ ತಗೊಳ್ಳೋವಾಗ ಅಂಥದ್ದನ್ನ ಯಾರೂ ಕೇಳಲ್ಲ, ಇಲ್ಲಿ ಕೆಲಸಕ್ಕೆ ಬರೋದು ಕಾಂಪ್ರಿಹೆನ್ಸಿವ್ ಪಾಲಿಸಿ. ತಪ್ಪು ಯಾರದ್ದೇ ಇರ್ಲಿ, ನಿಮ್ಮ ಗಾಡಿ ರಿಪೇರಿ ಅದರಲ್ಲೇ ಆಗತ್ತೆ. ಅವತ್ತೇ ಫೋನ್ ಮಾಡಿ ತಿಳಿಸಿ, ಸರ್ವೇಯರ್ ಬಂದು ನೋಡೋವರೆಗೆ ಬಿಚ್ಚಿಸಬೇಡಿ. ಆದ್ರೆ ಪೂರ್ತಿ ಬರಲ್ಲ, ಪ್ಲಾಸ್ಟಿಕ್ ರಬ್ಬರ್ ಪಾರ್ಟ್ಸ್‌ಗೆ 50 ಪರ್ಸೆಂಟ್ ಸವಕಳಿ ಕಳೀತಾರೆ, ಫೈಬರ್‌ಗೆ 30, ಗಾಜಿಗೆ ಕಳೆಯಲ್ಲ, ಮೇಲೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯ 1,000 ರೂಪಾಯಿ ನಿಮ್ಮ ಕೈಯಿಂದ, ದೊಡ್ಡ ಕಾರಿಗೆ 2,000. ಝೀರೋ ಡೆಪ್ ಅನ್ನೋ ಕವರ್ ಸೇರಿಸಿದ್ರೆ ಆ ಸವಕಳಿ ಕಳೆಯಲ್ಲ. ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯ್ತಿ, ನೋ ಕ್ಲೇಮ್ ಬೋನಸ್ ಮಾತ್ರ ಹೋಗತ್ತೆ, ತಪ್ಪು ನಿಮ್ಮದಲ್ಲದಿದ್ರೂ, ಅದೊಂದು ಹೊಟ್ಟೆ ಉರಿಯೋ ವಿಷಯ, ನಂದು 45 ಪರ್ಸೆಂಟ್ ಇದ್ದಿದ್ದು ಸೊನ್ನೆಗೆ ಬಂತು. ನನ್ನ ಬಿಲ್ 84 ಸಾವಿರ, ಕಂಪನಿ ಕೊಟ್ಟಿದ್ದು 63 ಸಾವಿರ. ಉಳಿದ 21 ಸಾವಿರಾನ ಗುದ್ದಿದವನಿಂದ ಕೇಳೋ ಹಕ್ಕು ನಿಮಗಿದೆ, ಬಿಲ್‌ಗಳ ಕಾಪಿ ಇಟ್ಕೊಳ್ಳಿ.

ಬರೀ ಥರ್ಡ್ ಪಾರ್ಟಿ ಇರೋರಿಗೆ ಈ ದಾರಿ ಇಲ್ಲ, ಅವರಿಗೆ ಓನರ್ ಮತ್ತೆ ಟ್ರಿಬ್ಯೂನಲ್ಲೇ ಗತಿ.

ಪಾಲಿಸಿಲಿ ಪಿಎ ಕವರ್ ಅಂತ ಒಂದು ಸಾಲಿರತ್ತೆ ನೋಡಿ, ಓನರ್-ಡ್ರೈವರ್‌ಗೆ 15 ಲಕ್ಷದ್ದು, ಸತ್ರೆ ಇಲ್ಲಾ ಕೈಕಾಲು ಕಣ್ಣು ಶಾಶ್ವತವಾಗಿ ಹೋದ್ರೆ ಎದುರು ಗಾಡಿಗೆ ಇನ್ಶೂರೆನ್ಸ್ ಇದ್ಯೋ ಇಲ್ವೋ ಕೇಳದೇ ಕೊಡ್ತಾರೆ. ಕೆಲವರು ಕೆಲವು ನೂರು ರೂಪಾಯಿ ಉಳಿಸೋಕೆ ಬೇರೆ ಪಾಲಿಸಿ ಇದೆ ಅಂತ ಸುಳ್ಳು ಟಿಕ್ ಹಾಕಿ ಇದನ್ನ ತೆಗೆಸಿರ್ತಾರೆ. ನಿಮ್ಮ ಕಾರಲ್ಲಿ ಕೂತಿದ್ದವರ ವಿಷಯ ಇನ್ನೂ ಸ್ವಾರಸ್ಯ, ಎರಡೂ ಡ್ರೈವರ್‌ಗಳದ್ದು ಸ್ವಲ್ಪ ಸ್ವಲ್ಪ ತಪ್ಪಿದ್ರೆ ಪ್ಯಾಸೆಂಜರ್ ಯಾರೊಬ್ಬರ ಮೇಲೆ ಬೇಕಾದ್ರೂ ಪೂರ್ತಿ ಪರಿಹಾರ ಕೇಳಬಹುದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಪ್ರೈವೇಟ್ ಕಾರಿನ ಕಾಂಪ್ರಿಹೆನ್ಸಿವ್ ಪಾಲಿಸಿಲಿ ಒಳಗೆ ಕೂತವರೂ ಬರ್ತಾರೆ. ಅಂದ್ರೆ ಎದುರಿನವನ ಹತ್ರ ಏನೂ ಇಲ್ಲದಿದ್ರೂ ನಿಮ್ಮ ಕಂಪನಿಯಿಂದ ಅವರಿಗೆ ದುಡ್ಡು ಬರೋ ದಾರಿ ಇರಬಹುದು. ಇಲ್ಲದ ತಪ್ಪನ್ನ ಒಪ್ಕೊಳ್ಳಿ ಅಂತ ನಾನು ಹೇಳ್ತಿಲ್ಲ, ನಿಜವಾಗ್ಲೂ ನಿಮ್ಮ ಸ್ಪೀಡೂ ಜಾಸ್ತಿ ಇದ್ದಿದ್ರೆ ಲಾಯರ್ ಹತ್ರ ಮುಚ್ಚಿಡಬೇಡಿ ಅಂತಿದೀನಿ ಅಷ್ಟೇ.

ಟ್ರಿಬ್ಯೂನಲ್ ಕೇಸು

ಎಂಎಸಿಟಿ ಅಂತಾರೆ. ಬೆಂಗಳೂರಲ್ಲಿ ಸ್ಮಾಲ್ ಕಾಸಸ್ ಕೋರ್ಟಿನ ಜಡ್ಜ್‌ಗಳೇ ನಡೆಸ್ತಾರೆ, ತಾಲ್ಲೂಕುಗಳಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಲ್ಲಿ ಇರತ್ತೆ. ಆಕ್ಸಿಡೆಂಟ್ ಆದ ಊರಲ್ಲೇ ಹಾಕಬೇಕು ಅಂತಿಲ್ಲ, ನೀವು ವಾಸ ಇರೋ ಊರಲ್ಲೂ ಹಾಕಬಹುದು, ನಾವು ತುಮಕೂರಲ್ಲೇ ಹಾಕಿದ್ವಿ. ಮೋಟಾರ್ ವಾಹನ ಕಾಯ್ದೆಯ 166ನೇ ಸೆಕ್ಷನ್ ಕೆಳಗೆ ಪರಿಹಾರದ ಅರ್ಜಿ ಆಕ್ಸಿಡೆಂಟ್ ಆದ 6 ತಿಂಗಳೊಳಗೆ ಅಂತ 2022ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ, ಮುಂಚೆ ಹಂಗಿರ್ಲಿಲ್ಲ, ಹಳೇ ಕಾಲದೋರು "ನಿಧಾನಕ್ಕೆ ಹಾಕಿದ್ರೆ ಆಯ್ತು ಬಿಡು" ಅಂತಾರೆ, ಕೇಳಬೇಡಿ. ಗಾಡಿ ರಿಪೇರಿ ಖರ್ಚನ್ನೂ ಇಲ್ಲೇ ಕೇಳಬಹುದು, ಅದು 2,000 ರೂಪಾಯಿ ಮೀರಿದ್ರೆ ಸಿವಿಲ್ ಕೋರ್ಟಿಗೂ ಹೋಗಬಹುದು.

ಯಾರ ಮೇಲೆ ಅನ್ನೋದು ಮುಖ್ಯ. ಡ್ರೈವರ್, ಜೊತೆಗೆ ಆರ್‌ಸಿಯಲ್ಲಿ ಹೆಸರಿರೋನು. "ನಾನು ಆ ಗಾಡಿ ಯಾವತ್ತೋ ಮಾರಿದೀನಿ" ಅಂತ ಅವನು ಬರ್ತಾನೆ, ನಮ್ಮ ಕೇಸಲ್ಲೂ ಬಂದ್ರು, ಪಿಕಪ್ ಕೊಂಡು ಇಟ್ಕೊಂಡಿದ್ದೋರು ಒಬ್ಬರು, ಆರ್‌ಸಿ ಮಾತ್ರ ಮೂರು ವರ್ಷದ ಹಿಂದೆ ಮಾರಿದ ಮೇಷ್ಟ್ರೊಬ್ಬರ ಹೆಸರಲ್ಲಿತ್ತು. ಆರ್‌ಸಿ ಟ್ರಾನ್ಸ್‌ಫರ್ ಆಗೋವರೆಗೆ ರಿಜಿಸ್ಟರಲ್ಲಿರೋನೇ ಓನರ್ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇಬ್ಬರನ್ನೂ ಪಾರ್ಟಿ ಮಾಡಿ. ಆ ಮೇಷ್ಟ್ರನ್ನ ನೋಡಿ ನಿಜವಾಗ್ಲೂ ಪಾಪ ಅನಿಸ್ತು, ಆದ್ರೆ ಅವರಿಗೆ ಸ್ವಂತ ಮನೆ ಇತ್ತು, ಕೊಂಡೋನಿಗೆ ಬಾಡಿಗೆ ಮನೆ, ಹಾಗಾಗಿ ಕೊಂಡೋನ ಮೇಲೆ ಒತ್ತಡ ತಂದೋರು ಮೇಷ್ಟ್ರೇ. ಗಾಡಿ ಮಾರಿ ಆರ್‌ಸಿ ಬದಲಾಯಿಸದೇ ಕೂತಿರೋರು ಇದನ್ನ ಎರಡು ಸಲ ಓದಿ.

164ನೇ ಸೆಕ್ಷನ್ ಅಂತ ಇನ್ನೊಂದಿದೆ, ತಪ್ಪು ಯಾರದ್ದು ಅಂತ ಸಾಬೀತು ಮಾಡದೇನೇ ಸತ್ರೆ 5 ಲಕ್ಷ, ಮೂಳೆ ಮುರಿಯೋ ಥರದ ದೊಡ್ಡ ಗಾಯಕ್ಕೆ 2.5 ಲಕ್ಷ, ಇನ್ಶೂರೆನ್ಸ್ ಇಲ್ಲದಿದ್ರೆ ಓನರೇ ಕೊಡಬೇಕು. ಆದ್ರೆ ಅದನ್ನ ತಗೊಂಡ್ರೆ 166ರ ಕೇಸು ಬಿದ್ದುಹೋಗಬಹುದು, ಯಾವುದು ಲಾಭ ಅಂತ ಲಾಯರ್ ಜೊತೆ ಕೂತು ಲೆಕ್ಕ ಹಾಕಿ. ಗುದ್ದಿ ಓಡಿಹೋದೋನ ನಂಬರ್ರೇ ಸಿಗದಿದ್ರೆ ಮಾತ್ರ ಹಿಟ್ ಅಂಡ್ ರನ್ ಸ್ಕೀಮು, ಅಲ್ಲಿ ಜೀವ ಹೋದ್ರೆ 2 ಲಕ್ಷ, ದೊಡ್ಡ ಗಾಯಕ್ಕೆ 50 ಸಾವಿರ.

ದಾಖಲೆ ವಿಷಯದಲ್ಲಿ, ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮರಿ, ಒರಿಜಿನಲ್ ಬಿಲ್ಲು, ಆಟೋಗೆ ಕೊಟ್ಟಿದ್ದು ಸಮೇತ, ಸಂಬಳದ ಚೀಟಿ, ರಜೆ ಹಾಕಿದ ಪತ್ರ. ಸ್ಟೇಷನ್ನಿಂದ ಎಫ್‌ಐಆರ್, ಸ್ಪಾಟ್ ಮಹಜರು, ಸ್ಕೆಚ್ಚು, ಗಾಡಿ ತಪಾಸಣೆ ರಿಪೋರ್ಟು, ಚಾರ್ಜ್‌ಶೀಟು. 2022ರ ನಿಯಮದ ಪ್ರಕಾರ ತನಿಖೆ ಮಾಡೋರು 48 ಗಂಟೇಲಿ ಮೊದಲ ರಿಪೋರ್ಟು, 90 ದಿನದಲ್ಲಿ ಪೂರ್ತಿ ರಿಪೋರ್ಟು ಟ್ರಿಬ್ಯೂನಲ್‌ಗೆ ಕಳಿಸಬೇಕು, ಕಳ್ಸಿದ್ರಾ ಅಂತ ಹೋಗಿ ಕೇಳ್ತಾ ಇರಿ.

ಗೆದ್ದ ಮೇಲೆ ವಸೂಲಿ

ಇಲ್ಲೇ ಜನ ಸುಸ್ತಾಗೋದು. ಆರ್ಡರ್ ಕೈಲಿರತ್ತೆ, ಓನರ್ ಕಟ್ಟಲ್ಲ. 174ನೇ ಸೆಕ್ಷನ್ ಕೆಳಗೆ ಟ್ರಿಬ್ಯೂನಲ್ ಡಿಸಿಗೆ ಸರ್ಟಿಫಿಕೇಟ್ ಕಳಿಸಿದ್ರೆ ಭೂಕಂದಾಯ ಬಾಕಿ ವಸೂಲಿ ಮಾಡೋ ಥರ ಮಾಡ್ತಾರೆ. ಅದಕ್ಕೆ ಅವನ ಹೆಸರಲ್ಲಿ ಏನಿದೆ ಅಂತ ನೀವು ತೋರಿಸಬೇಕು. ಜಮೀನಿದ್ರೆ ಭೂಮಿ ವೆಬ್‌ಸೈಟಲ್ಲಿ ಪಹಣಿ ಸಿಗತ್ತೆ, ಮನೆ ಇದ್ರೆ ಖಾತೆ. ಕೇಸ್ ನಡೀತಿರೋವಾಗ್ಲೇ ಆಸ್ತಿ ಹೆಂಡ್ತಿ ಹೆಸರಿಗೆ ದಾನಪತ್ರ ಮಾಡೋ ಸೂಚನೆ ಕಂಡ್ರೆ ತೀರ್ಪಿಗೆ ಮುಂಚೆನೇ ಜಪ್ತಿ ಮಾಡಿಸೋಕೆ ಅರ್ಜಿ ಹಾಕಿ ಅಂತ ಲಾಯರ್‌ಗೆ ಹೇಳಿ.

ಅವನ ಹತ್ರ ನಿಜವಾಗ್ಲೂ ಏನೂ ಇಲ್ಲ ಅಂದ್ರೆ, ನಾನು ನೇರವಾಗಿ ಹೇಳ್ತೀನಿ, ಲೋಕ ಅದಾಲತ್ತಲ್ಲಿ ಕಮ್ಮಿಗೇ ಒಪ್ಕೊಂಡು ಕಂತಲ್ಲಿ ತಗೊಳ್ಳೋದು ವಾಸಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಕಾಂಪ್ಲೆಕ್ಸಲ್ಲೇ ಇರತ್ತೆ, 15100ಕ್ಕೆ ಫೋನ್ ಮಾಡಿದ್ರೂ ಹೇಳ್ತಾರೆ, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ, ಅಂಗವಿಕಲರಿಗೆ ಲಾಯರ್ ಕೂಡ ಪುಕ್ಕಟೆ. ಕೇಸ್ ಹಾಕೋಕೆ ಮುಂಚೆನೇ ಅಲ್ಲಿ ರಾಜಿ ಮಾಡ್ಕೋಬಹುದು. ಅಲ್ಲಿ ಬರೆದಿದ್ದು ಕೋರ್ಟ್ ಡಿಕ್ರಿಗೆ ಸಮ, ಮೇಲೆ ಅಪೀಲ್ ಇಲ್ಲ, ಕಂತು ತಪ್ಪಿಸಿದ್ರೆ ಸೀದಾ ಜಾರಿಗೆ ಹಾಕಬಹುದು. ಕಂತು ತಪ್ಪಿದ್ರೆ ಬಾಕಿ ಪೂರ್ತಿ ಒಟ್ಟಿಗೆ ಬಡ್ಡಿ ಸಮೇತ ಅನ್ನೋ ಸಾಲು ಮಾತ್ರ ಮರೀದೇ ಸೇರಿಸಿ, ಆಮೇಲೆ ಸೇರಿಸೋಕಾಗಲ್ಲ.

ನಮ್ಮದೂ ಹಂಗೇ ಮುಗೀತು, ಚಿಕ್ಕಪ್ಪನ ಆಪರೇಷನ್ನು, ಎರಡು ತಿಂಗಳು ಅಂಗಡಿ ಮುಚ್ಚಿದ್ದು, ನನ್ನ 21 ಸಾವಿರ ಎಲ್ಲಾ ಸೇರಿ ಕೇಳಿದ್ದಕ್ಕಿಂತ ಕಮ್ಮಿಗೆ, ಮೂರು ಕಂತಲ್ಲಿ. ಎರಡು ಬಂದಿದೆ. ಮೂರನೇದು ಕೊಬ್ಬರಿ ಮಾರಿದ್ ತಕ್ಷಣ ಅಂತ ಹೇಳಿದಾರೆ, ಚಿಕ್ಕಪ್ಪ ದಿನಾ ಪೇಪರಲ್ಲಿ ತಿಪಟೂರು ಕೊಬ್ಬರಿ ರೇಟ್ ನೋಡ್ತಾ ಕೂತಿದಾರೆ.